ಹೊಳೆ ನೀರು ಹೇಗಿದೆ? ಮೀನು ನೋಡಿ ತಿಳಿಯುವ ಬಗೆ

ಫೆಬ್ರವರಿಯ ಒಂದು ಬೆಳಗ್ಗೆ, ತುಂಗೆ ಶಿವಮೊಗ್ಗ ದಾಟಿ ಕೂಡಲಿಯ ಕಡೆ ತಿರುಗುವ ದಡದಲ್ಲಿ ಒಬ್ಬ ಹಿರಿಯ ಬೆಸ್ತರ ಜೊತೆ ನಿಂತಿದ್ದೆ. ಅವರು ಬೀಸು ಬಲೆ ಎಸೆದು ಎಳೆದರು. ಬಲೆ ಭಾರವಾಗಿ ಬಂತು. ಪಟಪಟ ಬಡಿಯುವ ಮೀನು ಕಂಡು ನನಗೆ ಖುಷಿಯಾಯಿತು. "ನೀರು ಪರವಾಗಿಲ್ಲ ಅಲ್ವಾ ಅಣ್ಣ? ಇಷ್ಟೊಂದು ಮೀನಿದೆ" ಅಂದೆ.

ಅವರು ಬಲೆ ಕೊಡವುತ್ತಾ ಹೇಳಿದರು: "ಎಷ್ಟು ಅಂತ ನೋಡ್ಬೇಡಿ ಮೇಷ್ಟ್ರೇ, ಯಾವುದು ಅಂತ ನೋಡಿ. ಎಲ್ಲಾ ಜಿಲೇಬಿ ಮೀನು. ಕಲ್ಲಿಗೆ ಅಂಟೋ ಮೀನು ಒಂದಾದ್ರೂ ಬಂತಾ?"

ಬಂದಿರಲಿಲ್ಲ. ಹಿಂದಿನ ದಿನ ಊರಿಗಿಂತ ಮೇಲೆ ಅದೇ ಬಲೆಯಲ್ಲಿ ಎಂಟು ಜಾತಿಯ ಮೀನು ಸಿಕ್ಕಿದ್ದವು. ಇಲ್ಲಿ ಎರಡೇ. ಬಲೆಯಲ್ಲಿ ಬಂದದ್ದಕ್ಕಿಂತ ಬರದೇ ಇದ್ದದ್ದೇ ನೀರಿನ ಕಥೆ ಹೇಳುತ್ತದೆ ಅಂತ ನನಗೆ ಅವತ್ತು ತಿಳಿಯಿತು. ನಿಮ್ಮೂರ ಹೊಳೆಯಲ್ಲಿ ನೀವೂ ಇದನ್ನು ಮಾಡಬಹುದು. ದೊಡ್ಡ ಯಂತ್ರ ಬೇಡ. ತಾಳ್ಮೆ ಬೇಕು, ಒಂದು ನೋಟ್‌ಬುಕ್ ಬೇಕು, ಮೀನು ಬಲ್ಲ ಒಬ್ಬರು ಜೊತೆಗಿರಬೇಕು.

ಬಾಟಲಿಯಲ್ಲಿ ನೀರು ತುಂಬಿ ಲ್ಯಾಬಿಗೆ ಕಳಿಸಿದರೆ ಸಾಕಲ್ವಾ ಅಂತ ಕೇಳಬಹುದು. ಅದೂ ಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದಲ್ಲಿ ಕಲುಷಿತ ನದಿ ಪಾತ್ರಗಳು 351 ಇವೆ ಎಂದು ಗುರುತಿಸಿತು. ಅದರಲ್ಲಿ 17 ಕರ್ನಾಟಕದವು. ತುಂಗೆ, ಭದ್ರೆ, ಕಾವೇರಿ, ಅರ್ಕಾವತಿ ಎಲ್ಲವೂ ಆ ಪಟ್ಟಿಯಲ್ಲಿವೆ. ಆ ಪಟ್ಟಿ ನಿಂತಿರುವುದು ಬಿಒಡಿ ಎಂಬ ಒಂದು ಅಳತೆಯ ಮೇಲೆ. ಅಂದರೆ ನೀರಿನಲ್ಲಿರುವ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಲೆಕ್ಕ. ಲೀಟರಿಗೆ 3 ಮಿಲಿಗ್ರಾಂ ದಾಟಿದರೆ ಹೊಳೆ ಕೆಟ್ಟಿದೆ ಎಂದು ಅರ್ಥ. ಆದರೆ ಬಾಟಲಿ ಹೇಳುವುದು ಅದನ್ನು ತುಂಬಿದ ಆ ಗಳಿಗೆಯ ಮಾತು. ರಾತ್ರಿ ಎರಡು ಗಂಟೆಗೆ ಯಾರಾದರೂ ಕೊಳಕು ಬಿಟ್ಟು, ಬೆಳಗಾಗುವ ಹೊತ್ತಿಗೆ ಅದು ಹರಿದು ಹೋಗಿದ್ದರೆ ಬಾಟಲಿಗೆ ಗೊತ್ತೇ ಆಗುವುದಿಲ್ಲ. ಮೀನು ಆ ರಾತ್ರಿಯೂ ಅಲ್ಲೇ ಇತ್ತು. ಎರಡು ವರ್ಷದ ಮೀನು ಎರಡು ವರ್ಷದ ನೀರನ್ನು ಉಸಿರಾಡಿದೆ.

ಮೊದಲು ಮೀನು ಬಲ್ಲವರ ಹತ್ತಿರ ಕೂತುಕೊಳ್ಳಿ

ಬಲೆ ಎತ್ತಿಕೊಂಡು ಸೀದಾ ಹೊಳೆಗೆ ಇಳಿಯಬೇಡಿ. ಊರಿನಲ್ಲಿ ಮೂವತ್ತು ನಲವತ್ತು ವರ್ಷ ಮೀನು ಹಿಡಿದವರನ್ನು ಹುಡುಕಿ. ಇಬ್ಬರು ಮೂವರು ಸಿಕ್ಕರೆ ಇನ್ನೂ ಒಳ್ಳೆಯದು, ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸುತ್ತಾರೆ. ಮೂರು ಪ್ರಶ್ನೆ ಕೇಳಿ. ಮೊದಲು ಯಾವ ಯಾವ ಮೀನು ಸಿಗುತ್ತಿತ್ತು? ಈಗ ಯಾವುದು ಸಿಗುವುದಿಲ್ಲ? ಯಾವ ವರ್ಷದಿಂದ ನಿಂತಿತು? ಕೊನೆಯ ಪ್ರಶ್ನೆಗೆ ಇಸವಿ ಸಿಗುವುದು ಕಷ್ಟ. "ಮಗಳ ಮದುವೆ ಆದ ವರ್ಷ", "ಆ ಸೇತುವೆ ಕಟ್ಟಿದ ಮೇಲೆ" ಅನ್ನುತ್ತಾರೆ. ಅದನ್ನೇ ಹಾಗೇ ಬರೆದುಕೊಳ್ಳಿ, ಇಸವಿ ಆಮೇಲೆ ಹೊಂದಿಸಬಹುದು.

ಮೀನಿನ ಹೆಸರು ಊರಿಂದ ಊರಿಗೆ ಬದಲಾಗುತ್ತದೆ. ಒಂದೇ ಮೀನಿಗೆ ತೀರ್ಥಹಳ್ಳಿಯಲ್ಲಿ ಒಂದು ಹೆಸರು, ಹರಿಹರದಲ್ಲಿ ಇನ್ನೊಂದು. ಅವರು ಹೇಳಿದ ಹೆಸರನ್ನೇ ಬರೆಯಿರಿ, ಜೊತೆಗೆ ಫೋಟೋ ತೆಗೆಯಿರಿ. ಮೀನನ್ನು ಪಕ್ಕಕ್ಕೆ ಮಲಗಿಸಿ, ರೆಕ್ಕೆ ಬಿಚ್ಚಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಬೇಕು. ಬಾಯಿ ಎಲ್ಲಿದೆ, ಮೀಸೆ ಎಷ್ಟಿದೆ ಎಂದು ಕಾಣುವಂತೆ ಇನ್ನೊಂದು. ಆ ಫೋಟೋ ನೋಡಿ ಶಾಸ್ತ್ರೀಯ ಹೆಸರು ಹೇಳುವವರು ಸಿಗುತ್ತಾರೆ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಿಂದ ಇದೆ, ದೇಶದಲ್ಲೇ ಮೊದಲನೆಯದು.

ನನ್ನನ್ನು ಕೇಳಿದರೆ ಇಡೀ ಕೆಲಸದಲ್ಲಿ ಇದೇ ದೊಡ್ಡ ಹೆಜ್ಜೆ. ಇದನ್ನು ಬಿಟ್ಟವರು ಆಮೇಲೆ ಎಷ್ಟು ಎಣಿಸಿದರೂ, ಮೊದಲು ಏನಿತ್ತು ಅಂತ ತಿಳಿಯದೆ ಕತ್ತಲಲ್ಲೇ ಇರುತ್ತಾರೆ.

ಎರಡು ಜಾಗ ಆರಿಸಿ

ಒಂದೇ ಜಾಗ ನೋಡಿದರೆ ಏನೂ ತಿಳಿಯುವುದಿಲ್ಲ. ಕೊಳಕು ಸೇರುವ ಜಾಗಕ್ಕಿಂತ ಮೇಲೆ ಒಂದು, ಕೆಳಗೆ ಒಂದು ಬೇಕು. ತುಂಗೆಯಲ್ಲಾದರೆ ಶಿವಮೊಗ್ಗಕ್ಕಿಂತ ಮೇಲೆ ಒಂದು, ಊರಿನ ಚರಂಡಿ ಎಲ್ಲಾ ಸೇರಿದ ಮೇಲೆ ಒಂದು. ಆದರೆ ಎರಡೂ ಜಾಗ ಒಂದೇ ಥರ ಇರಬೇಕು. ಮೇಲೆ ಕಲ್ಲು ತುಂಬಿದ ಹರಿವು, ಕೆಳಗೆ ನಿಂತ ಮಡು ಅಂತ ಆರಿಸಿದರೆ ಮೀನು ಬೇರೆ ಬೇರೆ ಸಿಗುವುದು ಸಹಜ. ಅದಕ್ಕೂ ಕೊಳಕಿಗೂ ಸಂಬಂಧವೇ ಇರುವುದಿಲ್ಲ. ಪ್ರತಿ ಜಾಗದಲ್ಲೂ ನೂರರಿಂದ ಇನ್ನೂರು ಮೀಟರ್ ಉದ್ದ ತೆಗೆದುಕೊಳ್ಳಿ. ಅದರೊಳಗೆ ಸ್ವಲ್ಪ ಕಲ್ಲು, ಸ್ವಲ್ಪ ಮಡು, ಸ್ವಲ್ಪ ಹುಲ್ಲಿನ ದಡ ಇರಲಿ.

ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ, ಶೃಂಗೇರಿ, ಶಿಶಿಲದಂಥ ಮತ್ಸ್ಯಧಾಮಗಳನ್ನು ಮೇಲಿನ ಜಾಗವಾಗಿ ಆರಿಸಬೇಡಿ. ಅಲ್ಲಿ ಭಕ್ತರು ಮಂಡಕ್ಕಿ ಹಾಕುತ್ತಾರೆ, ಮೀನು ಗುಂಪು ಕಟ್ಟುತ್ತವೆ. ಅಲ್ಲಿ ಹಿಡಿಯುವುದೂ ಇಲ್ಲ. ಆದರೆ ಮೆಟ್ಟಿಲ ಮೇಲೆ ಕೂತು ಮಹಶೀರ್ ಹೇಗೆ ಈಜುತ್ತದೆ, ಆರೋಗ್ಯವಾಗಿರುವ ಮೀನಿನ ಮೈ ಹೇಗೆ ಹೊಳೆಯುತ್ತದೆ ಎಂದು ಕಣ್ಣಿಗೆ ಅಭ್ಯಾಸ ಮಾಡಿಸಿಕೊಳ್ಳಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಯಾವಾಗ, ಯಾರ ಒಪ್ಪಿಗೆ ತಗೊಂಡು

ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ನೀರು ಇಳಿದಿರುತ್ತದೆ, ನೋಡಲು ತಿಳಿಯಾಗಿರುತ್ತದೆ, ಆದರೆ ಹರಿವು ಕಡಿಮೆಯಾದ್ದರಿಂದ ಕೊಳಕಿನ ಪಾಲು ಜಾಸ್ತಿ ಇರುತ್ತದೆ. ಸಾಧ್ಯವಾದರೆ ನವೆಂಬರ್ ಡಿಸೆಂಬರಿನಲ್ಲೂ ಒಮ್ಮೆ ಹೋಗಿ, ಹೋಲಿಸಲು. ಮುಂಗಾರಿನ ಮೊದಲ ಮಳೆಗೆ ಮಾತ್ರ ಬಲೆ ಹಾಕಬೇಡಿ. ಆಗ ಮಲೆನಾಡಿನಲ್ಲಿ ಹತ್ತುಮೀನಿನ ಸಮಯ. ಮೊಟ್ಟೆ ಇಡಲು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರಿ ಬರುತ್ತಿರುತ್ತವೆ. ಆಗ ಒಂದು ಮೀನು ಹಿಡಿದರೆ ಸಾವಿರ ಮರಿ ಹಿಡಿದಂತೆ. ಆ ದಿನಗಳಲ್ಲಿ ದಡದಲ್ಲಿ ನಿಂತು ಯಾವ ಜಾತಿ ಏರುತ್ತಿದೆ ಎಂದು ಬರೆದುಕೊಳ್ಳಿ, ಸಾಕು.

ಒಳನಾಡು ಮೀನುಗಾರಿಕೆಗೆ ರಾಜ್ಯದಲ್ಲಿ 1996ರ ಕಾಯ್ದೆ ಇದೆ. ಲೈಸೆನ್ಸ್ ಇರುವ ಬೆಸ್ತರ ಜೊತೆ, ಅವರ ಬಲೆಯಲ್ಲಿ, ಅವರು ಹೇಗೂ ಹಿಡಿಯುವ ದಿನ ಹೋಗುವುದು ಎಲ್ಲಕ್ಕಿಂತ ಸುಲಭ. ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಗೆ ಒಂದು ಪತ್ರ ಕೊಟ್ಟಿರಿ. ಅಭಯಾರಣ್ಯದೊಳಗೆ ಹೋಗಲೇಬೇಡಿ. ವಿಜ್ಞಾನಿಗಳು ಕೆಲವು ಕಡೆ ನೀರಿಗೆ ಹದವಾಗಿ ವಿದ್ಯುತ್ ಹಾಯಿಸಿ ಮೀನು ಎಣಿಸುತ್ತಾರೆ. ಅದನ್ನು ನೋಡಿ ಯಾರೂ ತಂತಿ ಇಳಿಸಬಾರದು, ಜೀವ ಹೋಗುತ್ತದೆ.

ಬಲೆ ಬೀಸುವುದು, ಎಣಿಸುವುದು

ಎರಡೂ ಜಾಗದಲ್ಲಿ ಅದೇ ಬಲೆ, ಬಲೆಯ ಕಣ್ಣಿನದೂ ಅದೇ ಅಳತೆ, ಅದೇ ಕೈ. ಇಲ್ಲಿ ಇಪ್ಪತ್ತು ಬೀಸು ಅಂದರೆ ಅಲ್ಲೂ ಇಪ್ಪತ್ತೇ. ಮೀನು ಸಿಗಲಿಲ್ಲ ಎಂದು ಇನ್ನೈದು ಬೀಸಿದರೆ ಲೆಕ್ಕ ಹಾಳು. ಇದರಲ್ಲಿ ಎಲ್ಲರೂ ಎಡವುತ್ತೇವೆ, ಯಾಕೆಂದರೆ ಬಲೆ ಹಿಡಿದವರಿಗೆ ಖಾಲಿ ಕೈಯಲ್ಲಿ ಬರಲು ಮನಸ್ಸಾಗುವುದಿಲ್ಲ. ಖಾಲಿ ಬೀಸನ್ನೂ ಬರೆಯಿರಿ. ಸೊನ್ನೆ ಕೂಡ ಲೆಕ್ಕವೇ.

ಬೀಸು ಬಲೆಗೆ ಕಲ್ಲಿನ ಸಂದಿಯ ಮೀನು ಸಿಗುವುದಿಲ್ಲ. ಅದಕ್ಕೆ ಇಬ್ಬರು ಬೇಕು. ಒಬ್ಬರು ಹರಿವಿನ ಕೆಳಗೆ ಸೊಳ್ಳೆಪರದೆಯಂಥ ಸಣ್ಣ ಬಲೆ ಬಿಡಿಸಿ ಹಿಡಿಯಬೇಕು. ಇನ್ನೊಬ್ಬರು ಮೇಲೆ ನಿಂತು ಕಾಲಿನಿಂದ ಕಲ್ಲು ಕದಲಿಸಬೇಕು. ಅಲ್ಲೇ ಅಡಗಿದ್ದ ಬೆರಳುದ್ದದ ಮೀನು ಬಲೆಗೆ ಬರುತ್ತವೆ. ಕಲ್ಲನ್ನು ಮತ್ತೆ ಇದ್ದ ಹಾಗೇ ಇಡಿ.

ಸಿಕ್ಕ ಮೀನನ್ನು ಹೊಳೆ ನೀರು ತುಂಬಿದ ಬಕೆಟ್‌ಗೆ ಹಾಕಿ. ನೆರಳಿನಲ್ಲಿಡಿ. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಒಣ ಕೈಗೆ ಅದರ ಮೈಯ ಲೋಳೆ ಕಿತ್ತು ಬರುತ್ತದೆ, ಆಮೇಲೆ ಅಲ್ಲಿ ಹುಣ್ಣಾಗುತ್ತದೆ. ಬೇಗ ಎಣಿಸಿ, ಹೊಳೆಗೇ ಬಿಡಿ.

ಯಾವುದು ಬಂತು, ಯಾವುದು ಬರಲಿಲ್ಲ

ಸಿಕ್ಕ ಮೀನನ್ನು ಮೂರು ಗುಂಪು ಮಾಡಿ.

ಕೊಳಕು ತಾಳದ ಮೀನು ಒಂದು ಗುಂಪು. ಮಹಶೀರ್, ಕಲ್ಲಿಗೆ ಬಾಯಿ ಒತ್ತಿ ಪಾಚಿ ಕೆರೆಯುವ ಗ್ಯಾರಾ, ಕಲ್ಲಿನ ಬುಡದ ಸಣ್ಣ ಲೋಚ್ ಮೀನುಗಳು ಇದರಲ್ಲಿ ಬರುತ್ತವೆ. ಇವಕ್ಕೆ ಹರಿವ ನೀರು, ಆಮ್ಲಜನಕ, ಹೂಳಿಲ್ಲದ ಕಲ್ಲು ಬೇಕು. ಕಲ್ಲಿನ ಮೇಲೆ ಹೂಳು ಕೂತರೆ ಮೊಟ್ಟೆಗೆ ಜಾಗವಿಲ್ಲ, ತಿನ್ನಲು ಪಾಚಿಯೂ ಇಲ್ಲ. ಭದ್ರೆಯ ಮೂಲದಲ್ಲಿ ಕುದುರೆಮುಖದ ಗಣಿ 2005ರ ಕೊನೆಯಲ್ಲಿ ನಿಲ್ಲುವ ತನಕ ಮಳೆಗಾಲದ ಕೆಂಪು ಹೂಳಿನ ಬಗ್ಗೆ ಅಷ್ಟೊಂದು ದನಿ ಎದ್ದಿದ್ದಕ್ಕೆ ಇದೂ ಒಂದು ಕಾರಣ.

ಏನು ಬಂದರೂ ತಡೆಯುವ ಮೀನು ಇನ್ನೊಂದು ಗುಂಪು. ಕೊರವ, ಚೇಳು ಮೀನು, ಮುಗುಡಿನ ಜಾತಿಯವು ನೀರಿನ ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲವು. ನೀರಿನಲ್ಲಿ ಆಮ್ಲಜನಕ ಇಲ್ಲದಿದ್ದರೂ ಬದುಕುತ್ತವೆ. ಅವು ಸಿಕ್ಕವು ಎಂದು ನೀರು ಚೆನ್ನಾಗಿದೆ ಅನ್ನಲಾಗದು. ಹಾಗಂತ ಕೆಟ್ಟಿದೆ ಅಂತಲೂ ಅಲ್ಲ, ಒಳ್ಳೆ ನೀರಿನಲ್ಲೂ ಅವು ಇರುತ್ತವೆ.

ಮೂರನೆಯದು ಹೊರಗಿನಿಂದ ಬಂದವು. ಜಿಲೇಬಿ ಅಂದರೆ ತಿಲಾಪಿಯಾ, ಆಫ್ರಿಕಾದ ಮೀನು, ನಮ್ಮ ದೇಶಕ್ಕೆ 1952ರಲ್ಲಿ ಬಂತು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದಕ್ಕೆ ನಿಷೇಧವಿದ್ದರೂ ಹೊಳೆ ಸೇರಿದೆ. ಸೊಳ್ಳೆ ಮರಿ ತಿನ್ನಲಿ ಎಂದು ಬಿಟ್ಟ ಗಪ್ಪಿ, ಗ್ಯಾಂಬೂಸಿಯಾ ಚರಂಡಿ ಬಾಯಲ್ಲೂ ಹಾಯಾಗಿರುತ್ತವೆ. ಮೇಲಿನ ಜಾಗದಲ್ಲಿ ಮೊದಲ ಗುಂಪು ಇದ್ದು, ಕೆಳಗೆ ಬರೀ ಎರಡನೆಯದು ಮೂರನೆಯದು ಉಳಿದಿದ್ದರೆ, ಮಧ್ಯೆ ಏನೋ ಸೇರುತ್ತಿದೆ.

ಮರಿಗಳನ್ನೂ ನೋಡಿ. ಬರೀ ದೊಡ್ಡ ಮೀನು ಇದ್ದು ಮರಿಯೇ ಇಲ್ಲದಿದ್ದರೆ ಅವು ಅಲ್ಲಿ ಹುಟ್ಟುತ್ತಿಲ್ಲ, ಎಲ್ಲಿಂದಲೋ ಬಂದಿವೆ. ಕಾಟ್ಲಾ, ರೋಹು ಲೆಕ್ಕಕ್ಕೆ ಬೇಡ. ಅವನ್ನು ಜಲಾಶಯಕ್ಕೆ ಇಲಾಖೆಯೇ ಬಿಡುತ್ತದೆ.

ಕಿವಿರು ಎತ್ತಿ ನೋಡಿ

ಅವತ್ತು ಆ ಹಿರಿಯರು ಒಂದು ಗೆಂಡೆ ಮೀನನ್ನು ಎಡಗೈಯಲ್ಲಿ ಮಲಗಿಸಿ, ಹೆಬ್ಬೆರಳಿನಲ್ಲಿ ಕೆನ್ನೆಯ ಮುಚ್ಚಳವನ್ನು ಮೆಲ್ಲಗೆ ಎತ್ತಿದರು. ಒಳಗೆ ಬಾಚಣಿಗೆ ಹಲ್ಲಿನಂತೆ ಸಾಲು ಸಾಲು ಎಳೆ. ಮೇಲಿನ ಜಾಗದ ಮೀನಿನಲ್ಲಿ ಅದು ದಾಸವಾಳದ ಕೆಂಪು ಇತ್ತು, ಎಳೆ ಎಳೆ ಬಿಡಿಬಿಡಿ. ಈ ಮೀನಿನದು ಮಾಸಲು. ಎಳೆಗಳ ಮೇಲೆ ಗಂಜಿಯಂಥ ಲೋಳೆ, ಅದರಲ್ಲಿ ಸಣ್ಣ ಹೂಳಿನ ಕಣ. "ಇದಕ್ಕೆ ಉಸಿರು ಕಟ್ತಿದೆ ನೋಡಿ" ಅಂದರು. ಮುಚ್ಚಳ ಬಿಟ್ಟ ತಕ್ಷಣ ಅದು ಅವಸರವಾಗಿ ಬಾಯಿ ಬಡಿಯತೊಡಗಿತು. ಐದು ಎಣಿಸುವಷ್ಟರಲ್ಲಿ ಬಕೆಟ್‌ಗೆ ಹಾಕಿದರು.

ಜೀವಂತ ಮೀನಿನಲ್ಲೇ ನೋಡಬೇಕು. ಸತ್ತು ಹೊತ್ತಾದ ಮೇಲೆ ಯಾವ ಮೀನಿನ ಕಿವಿರೂ ಬಿಳಚುತ್ತದೆ. ಕೆಂಪು ಬಿಟ್ಟು ಕಾಫಿ ಬಣ್ಣ ಕಂಡರೆ ನೀರಿನಲ್ಲಿ ನೈಟ್ರೈಟ್ ಇರುವ ಸೂಚನೆ. ಅದು ರಕ್ತ ಸೇರಿದರೆ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಹೋಗುತ್ತದೆ. ಇಷ್ಟಾದ ಮೇಲೆ ಮೈ ನೋಡಿ. ರೆಕ್ಕೆಯ ಅಂಚು ತಿಂದು ಹೋದಂತಿದೆಯಾ, ಹುಣ್ಣಿದೆಯಾ, ಗಂಟಿದೆಯಾ, ಬೆನ್ನು ಡೊಂಕಾ, ಕಣ್ಣು ಉಬ್ಬಿದೆಯಾ, ಹುರುಪೆ ಉದುರಿದೆಯಾ. ಬಲೆ ತಾಗಿ ಆದ ಗಾಯ ಹಸಿಯಾಗಿರುತ್ತದೆ, ಹಳೆಯ ಹುಣ್ಣಿಗೆ ಅಂಚು ಕಟ್ಟಿರುತ್ತದೆ. ಎರಡನ್ನೂ ಬೇರೆ ಬೇರೆ ಬರೆಯಿರಿ. ನೂರು ಮೀನಿಗೆ ಎಷ್ಟಕ್ಕೆ ಹೀಗಿದೆ ಎಂಬುದೇ ಬೇಕಾದ ಲೆಕ್ಕ.

ತೂಕವನ್ನೂ ನೋಡಬಹುದು. ಗ್ರಾಂ ತೂಕವನ್ನು ನೂರರಿಂದ ಗುಣಿಸಿ, ಸೆಂಟಿಮೀಟರ್ ಉದ್ದವನ್ನು ಮೂರು ಸಲ ಗುಣಿಸಿದ್ದರಿಂದ ಭಾಗಿಸಿ. ಉದಾಹರಣೆಗೆ 20 ಸೆಂ.ಮೀ. ಮೀನು 96 ಗ್ರಾಂ ಇದ್ದರೆ 9,600 ಭಾಗಿಸು 8,000, ಅಂದರೆ 1.2. ಅದೇ ಜಾತಿ, ಅದೇ ಉದ್ದದ ಮೀನು ಕೆಳಗೆ 72 ಗ್ರಾಂ ಇದ್ದರೆ 0.9, ಅದು ಸೊರಗಿದೆ. ಬೇರೆ ಬೇರೆ ಜಾತಿಯನ್ನು ಹೋಲಿಸಬೇಡಿ, ಮೊಟ್ಟೆ ತುಂಬಿದ ಹೆಣ್ಣನ್ನು ಲೆಕ್ಕಕ್ಕೆ ತಗೊಳ್ಳಬೇಡಿ.

ಜೊತೆಗೆ ನೀರು

ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಆಮ್ಲಜನಕದ ಕಿಟ್, ನೀರು ಆಮ್ಲವೋ ಕ್ಷಾರವೋ ಎಂದು ಹೇಳುವ ಪಿಎಚ್ ಕಿಟ್, ಅಮೋನಿಯಾ ಕಿಟ್, ಒಂದು ಥರ್ಮಾಮೀಟರ್ ಸಾಕು. ಹೊತ್ತು ಮಾತ್ರ ಮುಖ್ಯ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೂ ತಿನ್ನುತ್ತದೆ. ಹಾಗಾಗಿ ಮಧ್ಯಾಹ್ನ ಮೂರಕ್ಕೆ ಅಳೆದರೆ ಕೊಳೆತ ನೀರೂ ಪಾಸಾಗುತ್ತದೆ. ಸೂರ್ಯ ಹುಟ್ಟುವ ಮೊದಲು ಅಳೆಯಿರಿ. ಮೀನಿಗೆ ತಕ್ಕ ನೀರು ಎಂದು ಕೇಂದ್ರ ಮಂಡಳಿ ಇಟ್ಟಿರುವ ಗೆರೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ, ಪಿಎಚ್ 6.5ರಿಂದ 8.5.

ಅಮೋನಿಯಾ ಅಳೆಯುವುದಾದರೆ ಪಿಎಚ್ ಜೊತೆಗೇ ಅಳೆಯಿರಿ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ, ಮೀನನ್ನು ಕೊಲ್ಲುವುದು ಅದರಲ್ಲಿ ಒಂದು. ನೀರು 25 ಡಿಗ್ರಿ ಇದ್ದಾಗ, ಪಿಎಚ್ 7ರಲ್ಲಿ ವಿಷದ ರೂಪ ನೂರಕ್ಕೆ ಒಂದೂ ಇರುವುದಿಲ್ಲ. ಪಿಎಚ್ 8ರಲ್ಲಿ ನೂರಕ್ಕೆ ಐದು. ಪಿಎಚ್ 9ಕ್ಕೆ ಏರಿದರೆ ಮೂರನೇ ಒಂದು ಭಾಗ ದಾಟುತ್ತದೆ. ಅಷ್ಟೇ ಅಮೋನಿಯಾ ಇದ್ದೂ ಒಂದು ಹೊಳೆಯಲ್ಲಿ ಮೀನು ಬದುಕುವುದು, ಇನ್ನೊಂದರಲ್ಲಿ ಸಾಯುವುದು ಹೀಗೆ.

ಅಂಕ ಹಾಕುವುದು

ಅಮೆರಿಕದ ವಿಜ್ಞಾನಿ ಜೇಮ್ಸ್ ಕಾರ್ 1981ರಲ್ಲಿ ಒಂದು ಸರಳ ದಾರಿ ತೋರಿಸಿದರು. ಮೀನಿನ ಹನ್ನೆರಡು ಸಂಗತಿ ನೋಡಿ, ಒಂದೊಂದಕ್ಕೂ 5, 3 ಅಥವಾ 1 ಅಂಕ ಕೊಟ್ಟು ಕೂಡುವುದು. 60 ಬಂದರೆ ಹೊಳೆ ಚೆನ್ನಾಗಿದೆ, 12 ಬಂದರೆ ಮುಗಿದ ಹಾಗೆ. ಅದು ಅಲ್ಲಿನ ಹೊಳೆಗೆ ಮಾಡಿದ್ದು. ಹಾಗೇ ಎತ್ತಿ ತುಂಗೆಗೆ ಹಾಕಿದರೆ ಹೊಂದುವುದಿಲ್ಲ. ನಾನು ಆರು ಸಂಗತಿ ಇಟ್ಟುಕೊಂಡಿದ್ದೇನೆ: ಒಟ್ಟು ನಮ್ಮ ಜಾತಿಗಳು, ಕಲ್ಲಿನ ಮೀನಿನ ಜಾತಿಗಳು, ಕೊಳಕು ತಾಳದ ಮೀನಿನ ಪಾಲು, ಹೊರಗಿನ ಮೀನಿನ ಪಾಲು, ಮರಿಗಳು, ಕಾಯಿಲೆ ಇರುವ ಮೀನು. ಮೇಲಿನ ಜಾಗವನ್ನೇ ಅಳತೆಗೋಲು ಮಾಡಿಕೊಳ್ಳಿ. ಅಲ್ಲಿದ್ದುದರಲ್ಲಿ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಕೆಳಗೂ ಇದ್ದರೆ 5, ಮೂರನೇ ಒಂದಕ್ಕಿಂತ ಕಡಿಮೆ ಇದ್ದರೆ 1, ನಡುವೆ 3. ಹೊರಗಿನ ಮೀನಿಗೂ ಕಾಯಿಲೆಗೂ ಇದೇ ಲೆಕ್ಕ ತಿರುಗಿಸಿ: ಮೇಲಿನಷ್ಟೇ ಇದ್ದರೆ 5, ಎರಡು ಪಟ್ಟಿನ ತನಕ 3, ಅದನ್ನೂ ಮೀರಿದರೆ 1. ಒಂದು ಸಲದ ಅಂಕಕ್ಕೆ ಬೆಲೆ ಕಡಿಮೆ. ಮೂರು ವರ್ಷ ಅದೇ ತಿಂಗಳು ಅದೇ ಜಾಗದಲ್ಲಿ ಹಾಕಿದ ಅಂಕಕ್ಕೆ ಬೆಲೆ ಇದೆ.

ಕೆಳಗೆ ಮೀನು ಕಡಿಮೆ ಅಂದ ತಕ್ಷಣ ಚರಂಡಿಯನ್ನೇ ದೂರಬೇಡಿ. ಮಧ್ಯೆ ಅಣೆಕಟ್ಟು ಇದ್ದರೆ ಮೀನಿನ ಮೇಲೆ ಕೆಳಗಿನ ಓಡಾಟ ನಿಂತಿರಬಹುದು, ತುಂಗೆಗೆ ಗಾಜನೂರಿನಲ್ಲೇ ಅಡ್ಡ ಇದೆ. ಮರಳು ತೆಗೆದು ತಳ ಹಾಳಾಗಿರಬಹುದು. ಅನುಮಾನವಿದ್ದರೆ ನೀರೊಳಗಿನ ಕಲ್ಲು ತಿರುಗಿಸಿ ನೋಡಿ. ಅಡಿಯಲ್ಲಿ ಬಾಲಕ್ಕೆ ಮೂರು ಎಳೆ ಇರುವ ಚಪ್ಪಟೆ ಹುಳುಗಳು ಹರಿದಾಡುತ್ತಿದ್ದರೆ ನೀರು ಅಷ್ಟು ಕೆಟ್ಟಿಲ್ಲ, ಕಾರಣ ಬೇರೆ ಹುಡುಕಿ.

ಸತ್ತ ಮೀನು ತೇಲಿದಾಗ

ಇದು ತುರ್ತಿನ ಕೆಲಸ, ಆದ್ದರಿಂದ ಮೊದಲೇ ತಿಳಿದಿರಬೇಕು. ಹೊತ್ತು ಬರೆಯಿರಿ, ಫೋಟೋ ತೆಗೆಯಿರಿ. ಆಮೇಲೆ ದಡದುದ್ದಕ್ಕೂ ಮೇಲಕ್ಕೆ ನಡೆಯಿರಿ. ಸತ್ತ ಮೀನು ಎಲ್ಲಿ ನಿಲ್ಲುತ್ತವೋ, ಜೀವಂತ ಮೀನು ಎಲ್ಲಿ ಶುರುವಾಗುತ್ತವೋ, ಕೊಳಕು ಅದರ ಹತ್ತಿರವೇ ಸೇರಿದೆ. ಒಂದೆರಡು ಗಂಟೆ ತಡವಾದರೆ ಆ ಗೆರೆ ಅಳಿಸಿ ಹೋಗುತ್ತದೆ.

ಬೆಳಗಿನ ಜಾವ ದೊಡ್ಡ ಮೀನು ಮೊದಲು ಸತ್ತು, ಉಳಿದವು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಆಮ್ಲಜನಕ ಮುಗಿದಿದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ತೇಲಿದಾಗ ಆಮ್ಲಜನಕ ಮುಗಿದದ್ದೇ ಕಾರಣ ಇರಬಹುದು ಎಂಬ ಮಾತು ಬಂತು. ಚಿಕ್ಕ ಮೀನು ಮೊದಲು ಸತ್ತು, ಸೀಗಡಿ, ಏಡಿಯೂ ಸತ್ತಿದ್ದರೆ ಕೀಟನಾಶಕದಂಥ ವಿಷ ಇರಬಹುದು. ಹೊಟ್ಟೆಯೊಳಗೆ ಗಾಳಿಚೀಲ ಒಡೆದು ರಕ್ತ ತುಂಬಿದ್ದರೆ ಯಾರೋ ಸಿಡಿಮದ್ದು ಹಾಕಿದ್ದಾರೆ. ಬ್ಲೀಚಿಂಗ್ ಪೌಡರ್, ಕಾರೆಕಾಯಿ ಹಾಕಿ ಮೀನು ಹಿಡಿಯುವವರೂ ಇದ್ದಾರೆ. ಶಿಶಿಲದಲ್ಲಿ 1996ರಲ್ಲಿ ವಿಷ ಹಾಕಿ ದೇವರ ಮೀನುಗಳನ್ನು ಕೊಂದರು, ಅವುಗಳ ನೆನಪಿಗೆ ಅಲ್ಲಿ ಸ್ಮಾರಕವಿದೆ.

ಸತ್ತ ಜಾತಿ ಯಾವುದು ಎಂಬುದೂ ಸಾಕ್ಷಿ. 1986ರ ನವೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ತಿರ ರಾಸಾಯನಿಕದ ಗೋದಾಮಿಗೆ ಬೆಂಕಿ ಬಿದ್ದು, ಆರಿಸಿದ ನೀರೆಲ್ಲ ರೈನ್ ನದಿ ಸೇರಿತು. ತಳದಲ್ಲಿ ಬದುಕುವ ಹಾವು ಮೀನುಗಳು ರಾಶಿ ರಾಶಿ ಸತ್ತವು, ಅಂದರೆ ವಿಷ ತಳಕ್ಕೂ ಇಳಿದಿತ್ತು.

ಆಗಷ್ಟೇ ಸಾಯುತ್ತಿರುವ ಮೀನು ನಾಲ್ಕೈದು ತೆಗೆದು ಐಸ್‌ನಲ್ಲಿಡಿ, ಕೊಳೆತದ್ದು ಪರೀಕ್ಷೆಗೆ ಬರುವುದಿಲ್ಲ. ಲೋಹ ನೋಡಲು ಪ್ಲಾಸ್ಟಿಕ್ ಚೀಲ, ಕೀಟನಾಶಕ ನೋಡಲು ಅಲ್ಯೂಮಿನಿಯಂ ಹಾಳೆ. ನೀರಿನ ಬಾಟಲಿಯನ್ನು ಗಾಳಿಯಿಲ್ಲದಂತೆ ಕಂಠದ ತನಕ ತುಂಬಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಅವತ್ತೇ ತಿಳಿಸಿ, ಬರಹದಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಆ ಮೀನನ್ನು ಯಾರೂ ತಿನ್ನದಂತೆ ಊರಿಗೆ ಹೇಳಿ.

ಕಣ್ಣಿಗೆ ಕಾಣದ್ದು

ಕೆಲವು ವಿಷ ಮೀನನ್ನು ಕೊಲ್ಲುವುದಿಲ್ಲ, ಮೈ ಮೇಲೂ ಗುರುತು ಬಿಡುವುದಿಲ್ಲ. ಜಪಾನಿನ ಅಗಾನೊ ನದಿಯ ಮೀನು ತಿಂದವರಲ್ಲಿ ಪಾದರಸದ ಕಾಯಿಲೆ ಇದೆ ಎಂದು ಗೊತ್ತಾದದ್ದು 1965ರಲ್ಲಿ. ನೋಡಲು ಆ ಮೀನು ಚೆನ್ನಾಗಿಯೇ ಇದ್ದವು. ಪಾದರಸ ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಏರುತ್ತಾ ಹೆಚ್ಚುತ್ತದೆ. ಹಾಗಾಗಿ ಕಾರ್ಖಾನೆ ಕೆಳಗಿನ ಹೊಳೆಯಲ್ಲಿ ಲೋಹ ಪರೀಕ್ಷೆಗೆ ಕಳಿಸುವುದಾದರೆ, ಬೇರೆ ಮೀನು ತಿನ್ನುವ ದೊಡ್ಡ ಬಾಳೆ ಮೀನು ಅಥವಾ ಕೊರವ ಕಳಿಸಿ. ಇಂಗ್ಲೆಂಡಿನ ನದಿಗಳಲ್ಲಿ 1998ರಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಶುದ್ಧೀಕರಿಸಿ ಬಿಟ್ಟ ಚರಂಡಿ ನೀರಿನ ಕೆಳಗೆ ರೋಚ್ ಎಂಬ ಗಂಡು ಮೀನುಗಳ ವೃಷಣದಲ್ಲಿ ಮೊಟ್ಟೆ ಬೆಳೆಯುತ್ತಿತ್ತು. ಹೆಣ್ಣು ಹಾರ್ಮೋನಿನಂತೆ ಕೆಲಸ ಮಾಡುವ ವಸ್ತುಗಳು ಆ ನೀರಿನಲ್ಲಿದ್ದವು. ಇಂಥದ್ದು ಬಕೆಟ್ ಮುಂದೆ ಕೂತು ತಿಳಿಯುವಂಥದ್ದಲ್ಲ, ಅದಕ್ಕೆ ಕಾಲೇಜು, ಲ್ಯಾಬು ಬೇಕು. ನಿಮ್ಮ ಮೂರು ವರ್ಷದ ನೋಟ್‌ಬುಕ್ ಕೈಯಲ್ಲಿದ್ದರೆ ಅಲ್ಲಿನವರು ಕಿವಿಗೊಡುತ್ತಾರೆ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬೆಸ್ತರು ಹೇಳಿದ ಅಷ್ಟೂ ಹೆಸರನ್ನು ಬರೆದು, ಪ್ರತಿ ಸಲದ ತಾರೀಖಿಗೆ ಒಂದೊಂದು ಕಾಲಂ ಹಾಕಿ. ಈಗ ಸಿಗದ ಮೀನಿನ ಸಾಲನ್ನೂ ಬಿಡಬೇಡಿ. ನನ್ನ ಪುಟದಲ್ಲಿ ಹನ್ನೊಂದು ಹೆಸರಿವೆ, ಊರಿನ ಕೆಳಗಿನ ಜಾಗಕ್ಕೆ ಏಳು ಸಾಲು ಖಾಲಿ. ಅದರ ಒಂದು ಜೆರಾಕ್ಸ್ ಆ ಹಿರಿಯರ ಮನೆಯಲ್ಲಿದೆ. ಬಲೆ ಹಾಕಿದ ದಿನ ಖಾಲಿ ಸಾಲಿನ ಮೀನು ಒಂದು ಸಿಕ್ಕರೂ ಫೋನ್ ಮಾಡುತ್ತೇನೆ ಎಂದಿದ್ದಾರೆ.